ಉಪಕೇಂದ್ರದ ಸಿಸ್ಟರ್ ಕೈಗೆ ಔಷಧ ಬಂದ ದಾರಿ

ತುಂಬು ಗರ್ಭಿಣಿಗೆ ತಡೆಯಲಾರದ ತಲೆನೋವು. ಕಣ್ಣು ಮಂಜು ಮಂಜು. ಮುಖ, ಕೈಕಾಲು ಊದಿಕೊಂಡಿವೆ. ಬಿಪಿ ಏರಿದೆ. ಸ್ವಲ್ಪ ಹೊತ್ತಿಗೆ ಫಿಟ್ಸ್ ಶುರು. ಹಳ್ಳಿಯವರು ಇದನ್ನು ‘ನಂಜು’ ಎನ್ನುತ್ತಾರೆ. ನ್ಯಾಮತಿ ತಾಲ್ಲೂಕಿನ ಗೋವಿನಕೋವಿ ಸುತ್ತಮುತ್ತ ಹೀಗಾದರೆ ಹೊನ್ನಾಳಿಗೆ ಓಡಬೇಕು. ಅಲ್ಲಿ ಆಗದಿದ್ದರೆ ಶಿವಮೊಗ್ಗದ ಮೆಗ್ಗಾನ್, ಇಲ್ಲವೇ ದಾವಣಗೆರೆಯ ಸಿ.ಜಿ. ಆಸ್ಪತ್ರೆ. ಗಾಡಿ ಹೊರಡುವ ಮುನ್ನವೇ ಬೀಳಬೇಕಾದ ಇಂಜೆಕ್ಷನ್ ಒಂದಿದೆ, ಮ್ಯಾಗ್ನೀಷಿಯಂ ಸಲ್ಫೇಟ್. ಒಟ್ಟು 10 ಗ್ರಾಂ. ಎರಡೂ ಪೃಷ್ಠಕ್ಕೆ ತಲಾ 5 ಗ್ರಾಂನಂತೆ ಸ್ನಾಯುವಿನ ಆಳಕ್ಕೆ ಕೊಟ್ಟು, ಕೊಟ್ಟ ಹೊತ್ತನ್ನು ಚೀಟಿಯಲ್ಲಿ ಬರೆದು, ಆಮೇಲೆ ಕಳಿಸಬೇಕು.

ಈ ಔಷಧವೇ ಫಿಟ್ಸ್ ಮರುಕಳಿಸದಂತೆ ಚೆನ್ನಾಗಿ ತಡೆಯುತ್ತದೆ ಎಂದು ಭಾರತದ ತಾಯಂದಿರೂ ಒಳಗೊಂಡಿದ್ದ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನ 1995ರಲ್ಲೇ ತೋರಿಸಿತ್ತು. ವೈದ್ಯರಿಲ್ಲದ ಕಡೆ ಎಎನ್‌ಎಂ, ಅಂದರೆ ಉಪಕೇಂದ್ರದ ಸಹಾಯಕ ನರ್ಸ್-ಮಿಡ್‌ವೈಫ್, ತಾನೇ ಮೊದಲ ಡೋಸ್ ಕೊಡಬಹುದು ಎಂದು ಕೇಂದ್ರ ಸರ್ಕಾರ ಒಪ್ಪಿದ್ದು 2005ರ ಸುಮಾರಿಗೆ. ನಡುವೆ ಹತ್ತು ವರ್ಷ ಕಳೆದಿತ್ತು. ನರ್ಸ್‌ಗೆ ಗೊತ್ತಿದ್ದರೂ ಕೈ ಕಟ್ಟಿಹಾಕಿದ್ದ ವರ್ಷಗಳು ಅವು ಎಂದೇ ನಾನು ಓದಿಕೊಳ್ಳುತ್ತೇನೆ.

ಕೈ ಕಟ್ಟಿದ್ದು ಹೇಗೆ ಎಂದು ತಿಳಿಯಲು 1946ಕ್ಕೆ ಹೋಗಬೇಕು. ದೇಶದ ಆರೋಗ್ಯ ಸೇವೆ ಹೇಗಿರಬೇಕೆಂದು ಸೂಚಿಸಿದ ಭೋರ್ ಸಮಿತಿ 40,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಲಿ ಎಂದಿತು. ಅಲ್ಲಿಗೆ ಇಬ್ಬರು ವೈದ್ಯರು, ನಾಲ್ವರು ಪಬ್ಲಿಕ್ ಹೆಲ್ತ್ ನರ್ಸ್, ನಾಲ್ವರು ಮಿಡ್‌ವೈಫ್, ತರಬೇತಿ ಪಡೆದ ನಾಲ್ವರು ದಾಯಿಯರು. ಕಾಗದದ ಮೇಲೆ ದಾದಿಯರೇ ಹೆಚ್ಚು. ಮರುವರ್ಷ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು. 1950ರ ದಶಕದಲ್ಲಿ ಎಎನ್‌ಎಂ ತರಬೇತಿ ಶುರುವಾಯಿತು. ಎರಡು ವರ್ಷದ ಆ ಕೋರ್ಸ್‌ನಲ್ಲಿ ಹೆರಿಗೆಗೇ ಪ್ರಾಧಾನ್ಯ.

ಆಮೇಲೆ ಆದದ್ದು ಬೇರೆ. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಒಬ್ಬರೇ ಎಲ್ಲವನ್ನೂ ನೋಡಿಕೊಳ್ಳುವ ವಿವಿಧೋದ್ದೇಶ ಕಾರ್ಯಕರ್ತರನ್ನು ಸೂಚಿಸಿತು. ಕೋರ್ಸ್ 18 ತಿಂಗಳಿಗೆ ಇಳಿಯಿತು. ಸಿಸ್ಟರ್ ಚೀಲದಲ್ಲಿ ಲಸಿಕೆ, ಮಲೇರಿಯಾ ಸ್ಲೈಡ್, ರಿಜಿಸ್ಟರ್‌ಗಳು ತುಂಬಿದವು. ಕೆಂಪು ತ್ರಿಕೋನದ ಕುಟುಂಬ ಯೋಜನೆಯ ಗುರಿ ಅವಳ ನೆತ್ತಿಯ ಮೇಲೆ ಕೂತಿತು. ಆ ಗುರಿಗಳನ್ನು ಕೈಬಿಟ್ಟದ್ದು 1996ರಲ್ಲಿ. ಅಷ್ಟರಲ್ಲಿ ಬಹಳ ಕಡೆ ಹೆರಿಗೆ ಮಾಡಿಸುವ ಕೈಯ ಪಳಗಿಕೆ ಸವೆದಿತ್ತು. ಇದರಲ್ಲಿ ಅವಳ ತಪ್ಪು ಹುಡುಕುವುದು ಅನ್ಯಾಯ.

ಹೀಗಾಗಿ 2005ರ ಒಪ್ಪಿಗೆ ಬರೀ ಔಷಧದ್ದಲ್ಲ, ತೀರ್ಮಾನದ್ದೂ ಹೌದು. ಹೊಸ ಮಾರ್ಗಸೂಚಿ ಪ್ರಕಾರ ಮಗು ಹುಟ್ಟಿದ ಒಂದು ನಿಮಿಷದೊಳಗೆ, ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲವೆಂದು ಕೈಯಿಂದ ಮುಟ್ಟಿ ಖಾತ್ರಿ ಮಾಡಿಕೊಂಡು, ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡಬೇಕು. ರಕ್ತಸ್ರಾವ ತಡೆಯುವ ಈ ಕ್ರಮ ಕಲಿಸಲು ಹೆರಿಗೆ ಹೆಚ್ಚಾಗಿ ಆಗುವ ಆಸ್ಪತ್ರೆಗಳಲ್ಲಿ 21 ದಿನದ ತರಬೇತಿ ಏರ್ಪಟ್ಟಿತು. ಪುಸ್ತಕದಲ್ಲಿ ಒಂದು ಸಾಲು. ಹೆರಿಗೆ ಕೋಣೆಯಲ್ಲಿ ಅದಕ್ಕೆ ಸಿಗುವುದು ಅರವತ್ತು ಸೆಕೆಂಡು.

ಅತ್ತ ಅಮೆರಿಕದ ಕೊಲೊರಾಡೊದಲ್ಲಿ 1965ರಲ್ಲೇ ಲೊರೆಟ್ಟಾ ಫೋರ್ಡ್ ಎಂಬ ಪಬ್ಲಿಕ್ ಹೆಲ್ತ್ ನರ್ಸ್, ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಜೊತೆ ಸೇರಿ ಮೊದಲ ನರ್ಸ್ ಪ್ರಾಕ್ಟೀಷನರ್ ಕಾರ್ಯಕ್ರಮ ಆರಂಭಿಸಿದ್ದರು. ಅಲ್ಲಿಯೂ ಕಾರಣ ಒಂದೇ, ಹಳ್ಳಿಗಳಲ್ಲಿ ವೈದ್ಯರ ಕೊರತೆ. ಇಂದು ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಈ ಹೆಸರಿನಲ್ಲಿ ಕೆಲಸ ಮಾಡಲು ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಬೇಕು, ಆ ಪ್ರಮಾಣಪತ್ರವನ್ನು ಆಗಾಗ ನವೀಕರಿಸಬೇಕು. ಜ್ಞಾನ, ಪದವಿ, ಅಧಿಕಾರ ಮೂರೂ ಅಲ್ಲಿಯೂ ಒಮ್ಮೆಗೇ ಬರಲಿಲ್ಲ. ನಮ್ಮಲ್ಲೂ ಕಂತಿನಲ್ಲಿ ಬರುತ್ತಿವೆ.

ದೊಡ್ಡ ಕಂತು ಬಂದದ್ದು 2018ರಲ್ಲಿ. ಆಯುಷ್ಮಾನ್ ಭಾರತ್ ಯೋಜನೆಯಡಿ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮಾಡಿ, ಅಲ್ಲಿಗೆ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ ಎಂಬ ಹುದ್ದೆ ತಂದರು. ಬಿಎಸ್ಸಿ ನರ್ಸಿಂಗ್ ಅಥವಾ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಓದಿದವರಿಗೆ ಸಮುದಾಯ ಆರೋಗ್ಯದ ಆರು ತಿಂಗಳ ಸೇತುಬಂಧ ಕೋರ್ಸ್. ಇಗ್ನೊದಂಥ ವಿಶ್ವವಿದ್ಯಾಲಯಗಳು ನಡೆಸಿದ ಇದಕ್ಕೆ ಲಿಖಿತ ಪರೀಕ್ಷೆಯೂ ಉಂಟು, ಪ್ರಾಯೋಗಿಕವೂ ಉಂಟು.

ಆ ಪರೀಕ್ಷೆಗಳಲ್ಲಿ ಕೇಳುವುದು ದಿನವೂ ಬೇಕಾಗುವ ಸಂಗತಿಗಳನ್ನೇ. ಬಿಪಿ ನೋಡುವುದನ್ನೇ ತೆಗೆದುಕೊಳ್ಳಿ. ರೋಗಿ ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲು ಅಡ್ಡ ಹಾಕಿರಬಾರದು. ತೋಳು ಹೃದಯದ ಮಟ್ಟಕ್ಕಿರಬೇಕು. ಮಾತು ಬೇಡ. ಮೆಕ್ಕೆಜೋಳದ ಹೊಲದಿಂದ ಬಿಸಿಲಲ್ಲಿ ನಡೆದು ಬಂದವನ ಕೈಗೆ ಬಂದ ತಕ್ಷಣ ಪಟ್ಟಿ ಸುತ್ತಿದರೆ ಸುಳ್ಳು ಲೆಕ್ಕ ಬರುತ್ತದೆ. 140/90 ದಾಟಿದರೆ ಇನ್ನೊಮ್ಮೆ ನೋಡಬೇಕು. ರೋಗ ಖಚಿತಪಡಿಸುವುದು, ಔಷಧ ಶುರು ಮಾಡುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಕೆಲಸ. ತಿಂಗಳು ತಿಂಗಳು ಮಾತ್ರೆ ಕೊಡುವುದು, ಹತೋಟಿ ತಪ್ಪಿದ್ದನ್ನು ಗುರುತಿಸುವುದು, ಇ-ಸಂಜೀವಿನಿ ಎಂಬ ಆನ್‌ಲೈನ್ ಸಮಾಲೋಚನೆಯಲ್ಲಿ ವೈದ್ಯರನ್ನು ಕೇಳುವುದು ಸಿಎಚ್‌ಒ ಕೆಲಸ. ಹಾವು ಕಚ್ಚಿದವರು ಬಂದರೆ ಹಗ್ಗ ಬಿಗಿಯದೆ, ಗಾಯ ಕೊಯ್ಯದೆ, ಕೈಕಾಲು ಅಲುಗದಂತೆ ಪಟ್ಟಿ ಕಟ್ಟಬೇಕು. ರೆಪ್ಪೆ ಜೋತುಬೀಳುತ್ತಿದೆಯೇ, ಉಸಿರು ಸಾಗುತ್ತಿದೆಯೇ ನೋಡಿ ಸಾಗಿಸಬೇಕು. ಗದ್ದೆಗಳ ನಾಡಿನಲ್ಲಿ ಇದು ಪರೀಕ್ಷೆಗಷ್ಟೇ ಓದುವ ಪಾಠವಲ್ಲ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

‘ನರ್ಸ್ ಪ್ರಾಕ್ಟೀಷನರ್’ ಎಂಬ ಹೆಸರು ನಮ್ಮ ದೇಶಕ್ಕೂ ಬಂದಿದೆ. ತೀವ್ರ ನಿಗಾ ಘಟಕಕ್ಕೆಂದು ನರ್ಸಿಂಗ್ ಪರಿಷತ್ತು ರೂಪಿಸಿದ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಇದೆ. ಸಹಜ ಹೆರಿಗೆಗೆಂದು 2018ರ ಮಾರ್ಗಸೂಚಿ ತಂದ 18 ತಿಂಗಳ ಮಿಡ್‌ವೈಫರಿ ತರಬೇತಿ ಇದೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಸೆಕ್ಷನ್, ವೈದ್ಯರಲ್ಲದ ಸಮುದಾಯ ಆರೋಗ್ಯ ಸೇವಕರಿಗೆ ಸೀಮಿತ ಪರವಾನಗಿ ಕೊಡುವ ಅವಕಾಶ ತೆರೆದಾಗ ವೈದ್ಯರ ಸಂಘ ಮುಷ್ಕರ ಹೂಡಿತು. ಅರೆಬರೆ ಓದಿದವರ ಕೈಗೆ ಔಷಧ ಹೋಗಬಾರದು ಎಂಬ ಅವರ ಆತಂಕ ಸುಳ್ಳಲ್ಲ. ಆದರೆ ಅದಕ್ಕೆ ಉತ್ತರ ಗಟ್ಟಿ ತರಬೇತಿ ಮತ್ತು ಗಟ್ಟಿ ಪರೀಕ್ಷೆ. ವೈದ್ಯರು ಬರುವವರೆಗೆ ತಾಯಿ ಕಾಯಲಿ ಎನ್ನುವುದು ಉತ್ತರವಾಗದು.

ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಿಗೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರು. ಅಲ್ಲಿನ ಸಿಎಚ್‌ಒಗಳಲ್ಲಿ ಹೆಚ್ಚಿನವರು ಇಂದಿಗೂ ಗುತ್ತಿಗೆ ನೌಕರರು. ಅವರ ಕೈಗೆ ಇಷ್ಟು ಜವಾಬ್ದಾರಿ ಕೊಟ್ಟ ಸರ್ಕಾರ ಖಾಯಂ ಹುದ್ದೆಯನ್ನೂ, ಕೆಲವು ವರ್ಷಕ್ಕೊಮ್ಮೆ ಆಸ್ಪತ್ರೆಯಲ್ಲಿ ಮರುತರಬೇತಿಯನ್ನೂ ಕೊಡಬೇಕು. ಓದುಗರೂ ಒಂದು ಕೆಲಸ ಮಾಡಿ. ಮೂವತ್ತು ದಾಟಿದ್ದರೆ ನಿಮ್ಮೂರಿನ ಉಪಕೇಂದ್ರಕ್ಕೆ ಹೋಗಿ ಐದು ನಿಮಿಷ ಸುಮ್ಮನೆ ಕೂತು ಬಿಪಿ, ಶುಗರ್ ನೋಡಿಸಿಕೊಳ್ಳಿ.