ಗುರಾಣಿಗೆ ಯಾವ ಬಣ್ಣ?

ಸುಮಾರು 1,200 ವರ್ಷಗಳ ಹಿಂದೆ ಯುರೋಪಿನ ಉತ್ತರ ಭಾಗದಲ್ಲಿ ವೈಕಿಂಗರು ಎಂಬ ಕಡಲ ಯೋಧರಿದ್ದರು. ಬೆರಳುದ್ದದ ವೈಕಿಂಗ್ ಬೊಂಬೆಗಳಿಗೆ ಬಣ್ಣ ಹಚ್ಚುವ ಹವ್ಯಾಸ ಹೊರದೇಶಗಳಲ್ಲಿ ಬಹಳ ಜನಕ್ಕಿದೆ. ಆದರೆ ಗುರಾಣಿಗೆ ಯಾವ ಬಣ್ಣ ಹಚ್ಚಬೇಕು? ಮನಸ್ಸಿಗೆ ಬಂದದ್ದು ಬಳಿದರೆ ಅದು ಇತಿಹಾಸ ಆಗೋದಿಲ್ಲ.

ಇದಕ್ಕೆ ಉತ್ತರ ಮಣ್ಣಿನಡಿಯಲ್ಲಿ ಸಿಕ್ಕಿತು. 1880ರಲ್ಲಿ ನಾರ್ವೆ ದೇಶದ ಗೋಕ್‌ಸ್ಟಾಡ್ ಎಂಬಲ್ಲಿ ದಿಬ್ಬ ಅಗೆದಾಗ ಒಂದು ಹಡಗೇ ಹೊರಬಂತು! ಯಾರೋ ದೊಡ್ಡ ಮನುಷ್ಯನನ್ನು ಅದರೊಳಗಿಟ್ಟು ಹೂತಿದ್ದರು. ಹಡಗಿನ ಒಂದೊಂದು ಬದಿಗೆ 32ರಂತೆ ಒಟ್ಟು 64 ಗುರಾಣಿಗಳು. ಒಂದು ಹಳದಿ, ಪಕ್ಕದ್ದು ಕಪ್ಪು, ಮತ್ತೆ ಹಳದಿ. ಅವು ತೆಳು ಹಲಗೆ ಜೋಡಿಸಿದ ದುಂಡನೆಯ ಗುರಾಣಿಗಳು. ಅಡ್ಡಳತೆ ಸುಮಾರು 94 ಸೆಂ.ಮೀ. ಕೈಗೆ ಪೆಟ್ಟು ಬೀಳದಂತೆ ನಡುವೆ ಬೋರಲು ಬಟ್ಟಲಿನಂಥ ಕಬ್ಬಿಣ.

ಬೊಂಬೆ 28 ಮಿ.ಮೀ. ಎತ್ತರವಿದ್ದರೆ ಗುರಾಣಿ ಸುಮಾರು 16 ಮಿ.ಮೀ. ಬರುತ್ತೆ. ಹಚ್ಚುವ ಕ್ರಮ ಹೀಗೆ:

1. ಮೊದಲು ಪೂರ್ತಿ ಕಪ್ಪು ಬಳಿದು ಒಣಗಿಸಿ.
2. ಮೇಲೆ ಹಳದಿ ಹಚ್ಚಿ. ಹಲಗೆಗಳ ಸಂದಿನಲ್ಲಿ ಕಪ್ಪು ಗೆರೆ ಉಳಿಯಲಿ.
3. ನಡುವಿನ ಬಟ್ಟಲಿಗೆ ಕಬ್ಬಿಣದ ಬಣ್ಣ, ಹಿಂಬದಿಗೆ ಮರದ ಬಣ್ಣ.

ಒಂದು ಎಚ್ಚರಿಕೆ. ದಿಕ್ಸೂಚಿಯಂತೆ ಕಾಣುವ ಎಂಟು ಕವಲಿನ ಗುರುತನ್ನು ಈಗ ಅನೇಕರು ಗುರಾಣಿಯ ಮೇಲೆ ಬರೆಯುತ್ತಾರೆ. ಅದು ಸಿಗೋದು ಐಸ್‌ಲ್ಯಾಂಡಿನ 1860ರ ಕೈಬರಹದ ಪುಸ್ತಕದಲ್ಲಿ. ಅಷ್ಟರಲ್ಲಿ ವೈಕಿಂಗರ ಕಾಲ ಮುಗಿದು ಸುಮಾರು 800 ವರ್ಷ ಆಗಿತ್ತು!

ಬೊಂಬೆ ಚಿಕ್ಕದೇ. ಆದರೆ ನೋಡಿದವರು ಅದನ್ನೇ ನಿಜ ಅಂತ ನಂಬುತ್ತಾರೆ. ಅದಕ್ಕೇ ಕುಂಚ ಹಿಡಿಯುವ ಮುಂಚೆ ‘ಸಾಕ್ಷಿ ಏನಿದೆ?’ ಅಂತ ಕೇಳೋಣ. ಏನಂತೀರಿ?