ಸಾವಿರ ಅಡಿಯ ಅಂತರ, ಅರ್ಧ ನಿಮಿಷದ ಎಚ್ಚರ

2018ರ ಜುಲೈ 10ರಂದು ಬೆಂಗಳೂರಿನ ವಾಯುಪ್ರದೇಶದಲ್ಲಿ ಇಂಡಿಗೋ ಸಂಸ್ಥೆಯ ಎರಡು ವಿಮಾನಗಳು ಅಪಾಯಕಾರಿಯಾಗಿ ಹತ್ತಿರ ಬಂದವು. ಒಂದು ಕೊಯಮತ್ತೂರಿನಿಂದ ಹೈದರಾಬಾದಿಗೆ ಹೊರಟದ್ದು, ಇನ್ನೊಂದು ಬೆಂಗಳೂರಿನಿಂದ ಕೊಚ್ಚಿಗೆ. ಎರಡಕ್ಕೂ ಮೇಲೇರಲು ಅನುಮತಿ ಸಿಕ್ಕಿತ್ತು. ಸುಮಾರು 27 ಸಾವಿರ ಅಡಿ ಎತ್ತರದಲ್ಲಿ ಅವುಗಳ ನಡುವಿನ ಲಂಬ ಅಂತರ 200 ಅಡಿಗೆ ಇಳಿದಿತ್ತು ಎಂದು ಆಗ ವರದಿಯಾಯಿತು. ಇರಬೇಕಾದದ್ದು 1,000 ಅಡಿ. ಕಾಕ್‌ಪಿಟ್‌ನಲ್ಲಿ ಎಚ್ಚರಿಕೆ ಮೊಳಗಿತು, ಪೈಲಟ್‌ಗಳು ಯಂತ್ರದ ಮಾತು ಕೇಳಿದರು, ಮುನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಸುರಕ್ಷಿತವಾಗಿ ಊರು ಸೇರಿದರು.

ಆ ಯಂತ್ರವೇ ಟಿಕ್ಯಾಸ್, ಅಂದರೆ ವಿಮಾನಗಳ ಡಿಕ್ಕಿ ತಪ್ಪಿಸುವ ವ್ಯವಸ್ಥೆ.

ಆಕಾಶವನ್ನು ಬಹುಮಹಡಿ ಕಟ್ಟಡದಂತೆ ಹಂಚಿಟ್ಟಿದ್ದಾರೆ. ಒಂದು ಮಹಡಿಗೂ ಮುಂದಿನದಕ್ಕೂ ಸಾವಿರ ಅಡಿ. 29 ಸಾವಿರದಿಂದ 41 ಸಾವಿರ ಅಡಿಯವರೆಗೆ ಮೊದಲು ಈ ಅಂತರ ಎರಡು ಸಾವಿರ ಅಡಿ ಇತ್ತು. ಉಪಕರಣಗಳು ನಿಖರವಾದಂತೆ ಅದನ್ನು ಅರ್ಧಕ್ಕೆ ಇಳಿಸಿದರು. ಭಾರತದಲ್ಲಿ ಇದು ಜಾರಿಗೆ ಬಂದದ್ದು 2003ರಲ್ಲಿ. ಒಂದೇ ಎತ್ತರದಲ್ಲಿ ನೇರ ಹಾರುವ ವಿಮಾನದಿಂದ ಇಲ್ಲಿ ತೊಂದರೆ ಕಡಿಮೆ. ಏರುವ ವಿಮಾನದ್ದೇ ಚಿಂತೆ, ಏಕೆಂದರೆ ಅದು ಹಲವು ಮಹಡಿಗಳನ್ನು ದಾಟಿಕೊಂಡು ಹೋಗಬೇಕು ಮತ್ತು ಹೇಳಿದ ಕಡೆ ಸರಿಯಾಗಿ ನಿಲ್ಲಬೇಕು.

ಹೇಳಿದ ಎತ್ತರಕ್ಕಿಂತ 300 ಅಡಿ ಅಥವಾ ಅದಕ್ಕೂ ಹೆಚ್ಚು ಆಚೀಚೆ ಹೋದರೆ ಯುರೋಪಿನ ವಿಮಾನಯಾನ ತಜ್ಞರು ಅದನ್ನು ‘ಲೆವೆಲ್ ಬಸ್ಟ್’ ಎನ್ನುತ್ತಾರೆ. ಇದಕ್ಕೆ ಕಾರಣಗಳು ನೋಡಲು ತೀರಾ ಸಣ್ಣವು. ಹತ್ತು ಸಾವಿರ ಎಂದದ್ದು ಹನ್ನೊಂದು ಸಾವಿರ ಎಂದು ಕೇಳಿಸಬಹುದು. ಹೋಲುವ ನಂಬರಿನ ಇನ್ನೊಂದು ವಿಮಾನಕ್ಕೆ ಕೊಟ್ಟ ಅನುಮತಿಯನ್ನು ತನ್ನದೆಂದು ತಿಳಿಯಬಹುದು. ಆಲ್ಟಿಮೀಟರನ್ನು ಸರಿಹೊಂದಿಸಲು ಮರೆಯಲೂಬಹುದು.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ನೋಡೋಣ. ಆಲ್ಟಿಮೀಟರ್ ಅಳೆಯುವುದು ಗಾಳಿಯ ಒತ್ತಡವನ್ನು. ಅದನ್ನೇ ಅಡಿಗಳಲ್ಲಿ ತೋರಿಸುತ್ತದೆ. ನೆಲದ ಹತ್ತಿರ ಇರುವಾಗ ಪೈಲಟ್ ಆ ಊರಿನ ಅಂದಿನ ಒತ್ತಡಕ್ಕೆ ಅದನ್ನು ಹೊಂದಿಸಿಕೊಳ್ಳುತ್ತಾರೆ. ನಿಗದಿತ ಎತ್ತರ ದಾಟಿದ ಮೇಲೆ ಎಲ್ಲ ವಿಮಾನಗಳೂ 1013 ಹೆಕ್ಟೊಪ್ಯಾಸ್ಕಲ್ ಎಂಬ ಒಂದೇ ಅಂಕಿಗೆ ಬದಲಾಗಬೇಕು. ಊರಿನ ಒತ್ತಡ 1003 ಇದ್ದು, ಬದಲಿಸುವುದು ಮರೆತುಹೋದರೆ ವಿಮಾನ ತನ್ನ ಮಹಡಿಗಿಂತ ಸುಮಾರು 280 ಅಡಿ ಮೇಲೆ ಹೋಗಿ ನಿಲ್ಲುತ್ತದೆ. ಪೈಲಟ್‌ನ ಕಣ್ಣಿಗೆ ಮಾತ್ರ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಟಿಕ್ಯಾಸ್ ಈ ತಪ್ಪಿಗೆ ಮೋಸಹೋಗುವುದಿಲ್ಲ. ಪ್ರತಿ ವಿಮಾನದಲ್ಲಿ ರೇಡಿಯೊ ಪ್ರಶ್ನೆಗೆ ಉತ್ತರ ಕೊಡುವ ಸಾಧನವಾದ ಟ್ರಾನ್ಸ್‌ಪಾಂಡರ್, ಪೈಲಟ್ ಏನೇ ಹೊಂದಿಸಿರಲಿ, 1013ರ ಲೆಕ್ಕದ ಎತ್ತರವನ್ನೇ ರವಾನಿಸುತ್ತದೆ. ಟಿಕ್ಯಾಸ್ 1030 ಮೆಗಾಹರ್ಟ್ಸ್‌ನಲ್ಲಿ ಸುತ್ತಲಿನ ವಿಮಾನಗಳನ್ನು ಕೇಳುತ್ತದೆ, ಅವು 1090 ಮೆಗಾಹರ್ಟ್ಸ್‌ನಲ್ಲಿ ಉತ್ತರಿಸುತ್ತವೆ. ಉತ್ತರ ಬರಲು ಹಿಡಿದ ಸಮಯದಿಂದ ದೂರ ಗೊತ್ತಾಗುತ್ತದೆ, ಉತ್ತರದ ಒಳಗೇ ಎತ್ತರ ಇರುತ್ತದೆ. ನೆಲದ ಮೇಲಿನ ರೇಡಾರ್ ಆಗಲಿ, ನಿಯಂತ್ರಕರಾಗಲಿ ಇದಕ್ಕೆ ಬೇಕಿಲ್ಲ.

ಈ ಯಂತ್ರ ನೋಡುವುದು ದೂರವನ್ನಲ್ಲ, ಸಮಯವನ್ನು. ಗಂಟೆಗೆ 800 ಕಿ.ಮೀ. ವೇಗದ ಎರಡು ವಿಮಾನಗಳು ಎದುರುಬದುರಾಗಿ ಬಂದರೆ 35 ಸೆಕೆಂಡಿನಲ್ಲಿ ಹದಿನೈದು ಕಿ.ಮೀ. ಅಂತರ ಕರಗಿಹೋಗುತ್ತದೆ. ಒಂದೇ ದಿಕ್ಕಿನಲ್ಲಿ ಹಾರುತ್ತಿದ್ದರೆ ಅದೇ ದೂರ ಏನೂ ಅಪಾಯವಲ್ಲ. ಹಾಗಾಗಿ ದೂರವನ್ನು ಹತ್ತಿರವಾಗುವ ವೇಗದಿಂದ ಭಾಗಿಸಿ, ಇನ್ನೆಷ್ಟು ಸೆಕೆಂಡು ಉಳಿದಿದೆ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಎತ್ತರಕ್ಕೆ ತಕ್ಕಂತೆ 20ರಿಂದ 48 ಸೆಕೆಂಡು ಮೊದಲು ‘ಟ್ರಾಫಿಕ್, ಟ್ರಾಫಿಕ್’ ಎನ್ನುತ್ತದೆ. ಪರದೆಯಲ್ಲಿ ಆ ವಿಮಾನದ ಗುರುತು ಹಳದಿ ಬಣ್ಣಕ್ಕೆ ತಿರುಗುತ್ತದೆ. ಪಕ್ಕದಲ್ಲಿ ‘-05’ ಎಂದಿದ್ದರೆ ಅದು ನಮಗಿಂತ 500 ಅಡಿ ಕೆಳಗಿದೆ ಎಂದರ್ಥ. ಮೇಲ್ಮುಖ ಬಾಣ ಇದ್ದರೆ ಏರುತ್ತಿದೆ. ಸಮಯ 15ರಿಂದ 35 ಸೆಕೆಂಡಿಗೆ ಇಳಿದರೆ ಗುರುತು ಕೆಂಪು ಚೌಕವಾಗುತ್ತದೆ, ‘ಕ್ಲೈಂಬ್’ ಅಥವಾ ‘ಡಿಸೆಂಡ್’ ಎಂಬ ಆದೇಶ, ಅಂದರೆ ‘ಆರ್‌ಎ’, ಬರುತ್ತದೆ. ಐದು ಸೆಕೆಂಡಿನಲ್ಲಿ ಪೈಲಟ್ ಅದರಂತೆ ನಡೆಯಬೇಕು. ಎರಡೂ ವಿಮಾನಗಳಲ್ಲಿ ಟಿಕ್ಯಾಸ್ ಇದ್ದರೆ ಅವು ತಮ್ಮೊಳಗೇ ಮಾತಾಡಿಕೊಂಡು, ಒಂದಕ್ಕೆ ಏರು ಎಂದರೆ ಇನ್ನೊಂದಕ್ಕೆ ಇಳಿ ಎನ್ನುತ್ತವೆ.

ಇಷ್ಟೆಲ್ಲ ಬಲ್ಲ ಯಂತ್ರಕ್ಕೆ ಪೈಲಟ್‌ನ ಮನಸ್ಸಿನಲ್ಲಿರುವುದು ಮಾತ್ರ ತಿಳಿಯದು. 35 ಸಾವಿರ ಅಡಿಯಲ್ಲಿ ಒಂದು ವಿಮಾನ ನೇರ ಹೋಗುತ್ತಿದೆ ಎಂದುಕೊಳ್ಳಿ. ಕೆಳಗಿನಿಂದ ಇನ್ನೊಂದು ನಿಮಿಷಕ್ಕೆ 3,000 ಅಡಿಯಂತೆ ಏರುತ್ತಿದೆ. ಅದು ನಿಲ್ಲಬೇಕಾದದ್ದು 34 ಸಾವಿರದಲ್ಲಿ. ಪೈಲಟ್ ನಿಲ್ಲಿಸಿಯೇ ನಿಲ್ಲಿಸುತ್ತಾರೆ, ಆಟೋಪೈಲಟ್‌ಗೂ ಅದು ಗೊತ್ತು. ಟಿಕ್ಯಾಸ್‌ಗೆ ಕಾಣುವುದು ವೇಗ ಮಾತ್ರ. ಆ ವೇಗದಲ್ಲಿ ಒಂದು ಸಾವಿರ ಅಡಿ ಎಂದರೆ ಬರೀ 20 ಸೆಕೆಂಡು, ಆದ್ದರಿಂದ ಅದು ಕೂಗುತ್ತದೆ. ಕೊನೆಯ ಸಾವಿರ ಅಡಿಯಲ್ಲಿ ವೇಗವನ್ನು ನಿಮಿಷಕ್ಕೆ 1,500 ಅಡಿಗಿಂತ ಕಡಿಮೆ ಮಾಡಿಕೊಂಡರೆ 40 ಸೆಕೆಂಡಿಗೂ ಹೆಚ್ಚು ಸಿಗುತ್ತದೆ, ಅನಗತ್ಯ ಎಚ್ಚರಿಕೆ ತಪ್ಪುತ್ತದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸಲಹೆಯೂ ಇದೇ. ಏರ್‌ಬಸ್ ತನ್ನ ಹೊಸ ವಿಮಾನಗಳಲ್ಲಿ ಆಟೋಪೈಲಟ್ ತಾನಾಗಿಯೇ ವೇಗ ತಗ್ಗಿಸುವ ಏರ್ಪಾಡನ್ನೂ ತಂದಿದೆ.

ಹಾಗಾದರೆ ಕೂಗು ಸುಳ್ಳೆನಿಸಿದಾಗ ಕಡೆಗಣಿಸಬಹುದೇ? ಕೂಡದು. ಮೇಲಿನ ವಿಮಾನದ ಪೈಲಟ್‌ಗೆ ಕೆಳಗಿನದು ನಿಲ್ಲುತ್ತದೆಯೋ ಇಲ್ಲವೋ ಗೊತ್ತಾಗುವ ಬಗೆಯೇ ಇಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೆ 14 ಸಾವಿರ ಅಡಿ, ಇಳಿಯುತ್ತಿದ್ದ ಕಜಕಿಸ್ತಾನದ ವಿಮಾನಕ್ಕೆ 15 ಸಾವಿರ ಅಡಿ ನಿಗದಿಯಾಗಿತ್ತು. ಕಜಕ್ ವಿಮಾನ ಹೇಳಿದ ಎತ್ತರದಲ್ಲಿ ನಿಲ್ಲಲಿಲ್ಲ. 349 ಜನ ಸತ್ತರು. ಎರಡರಲ್ಲೂ ಟಿಕ್ಯಾಸ್ ಇರಲಿಲ್ಲ, ಆಗ ದೆಹಲಿಯಲ್ಲಿದ್ದ ರೇಡಾರ್ ವಿಮಾನದ ಎತ್ತರವನ್ನು ತೋರಿಸುತ್ತಿರಲಿಲ್ಲ. ಇದಾದ ಮೇಲೆಯೇ ಭಾರತ ಈ ಯಂತ್ರವನ್ನು ಕಡ್ಡಾಯ ಮಾಡಿತು.

ಯಂತ್ರ ಇದ್ದೂ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗೆನ್ ಸಾಕ್ಷಿ. ರಷ್ಯಾದ ವಿಮಾನಕ್ಕೆ ಟಿಕ್ಯಾಸ್ ಏರು ಎಂದಿತು, ನಿಯಂತ್ರಕರು ಇಳಿ ಎಂದರು. ಅದು ಇಳಿಯಿತು. ಎದುರಿನ ಸರಕು ವಿಮಾನವೂ ತನ್ನ ಯಂತ್ರದ ಮಾತಿನಂತೆ ಇಳಿಯುತ್ತಿತ್ತು. 71 ಜನ ಬಲಿಯಾದರು. ಯಂತ್ರಕ್ಕೂ ನಿಯಂತ್ರಕರಿಗೂ ಭಿನ್ನಾಭಿಪ್ರಾಯ ಬಂದರೆ ಯಂತ್ರದ ಮಾತೇ ನಡೆಯಬೇಕು ಎಂಬ ನಿಯಮ ಆ ಬಳಿಕ ಸಂಶಯಕ್ಕೆ ಎಡೆಯಿಲ್ಲದಂತೆ ಸ್ಪಷ್ಟವಾಯಿತು. ಪೈಲಟ್ ‘ಟಿಕ್ಯಾಸ್ ಆರ್‌ಎ’ ಎಂದು ಹೇಳಿದ ಕೂಡಲೇ ನಿಯಂತ್ರಕರು ಆ ವಿಮಾನದ ದಾರಿ ಬದಲಿಸಲು ಹೋಗಬಾರದು.

ಅದಕ್ಕೂ ಒಂದೂವರೆ ವರ್ಷ ಮೊದಲೇ, 2001ರ ಜನವರಿ 31ರಂದು, ಜಪಾನಿನಲ್ಲಿ ಇದೇ ಪಾಠ ಸಿಕ್ಕಿತ್ತು. ಟೋಕಿಯೊದಿಂದ ಏರುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನಕ್ಕೆ ನಿಯಂತ್ರಕರು ನಂಬರು ತಪ್ಪಿ ‘ಇಳಿ’ ಎಂದರು. ಯಂತ್ರ ‘ಏರು’ ಎನ್ನುತ್ತಿತ್ತು. ಪೈಲಟ್ ಇಳಿಸಿದರು, ಕೊನೆಗೆ ಎದುರಿನ ವಿಮಾನವನ್ನು ಕಣ್ಣಾರೆ ಕಂಡು ಮೂತಿಯನ್ನು ಥಟ್ಟನೆ ಕೆಳಗೆ ತಿರುಗಿಸಿದರು. ಡಿಕ್ಕಿ ತಪ್ಪಿತು, ಯಾರೂ ಸಾಯಲಿಲ್ಲ. ಆದರೆ ಒಳಗಿದ್ದ ಸುಮಾರು ನೂರು ಜನರಿಗೆ ಪೆಟ್ಟಾಯಿತು. ಆ ಹೊತ್ತಿನಲ್ಲಿ ಸಿಬ್ಬಂದಿ ಪಾನೀಯ ಹಂಚುತ್ತಿದ್ದರು, ಬೆಲ್ಟ್ ಕಟ್ಟದವರು ಸೀಟಿನಿಂದ ಮೇಲಕ್ಕೆ ಎಸೆಯಲ್ಪಟ್ಟರು.

ಟಿಕ್ಯಾಸ್ ಹೇಳಿದಂತೆ ಸಕಾಲದಲ್ಲಿ ನಡೆದರೆ ಒಳಗಿರುವವರಿಗೆ ಗೊತ್ತಾಗುವುದು ಸಣ್ಣ ಕುಲುಕಾಟ ಅಷ್ಟೇ. ಆದರೂ ಪೈಲಟ್‌ಗೆ ಐದು ಸೆಕೆಂಡು ಸಿಕ್ಕರೆ ಪ್ರಯಾಣಿಕರಿಗೆ ಒಂದು ಸೆಕೆಂಡಿನ ಮುನ್ಸೂಚನೆಯೂ ಸಿಗುವುದಿಲ್ಲ. ಆದ್ದರಿಂದ ಬೆಲ್ಟ್ ದೀಪ ಆರಿದರೂ ಸೀಟಿನಲ್ಲಿ ಕುಳಿತಿರುವಷ್ಟು ಹೊತ್ತು ಬೆಲ್ಟ್ ಬಿಚ್ಚಬೇಡಿ.