ಸತ್ತವಳ ಮೇಲೆ ಮತ್ಸರ

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಣಿಸಿರುವ 33 ಸಂಚಾರಿಭಾವಗಳಲ್ಲಿ ಅಸೂಯೆಯೂ ಒಂದು. ಪರರ ಐಶ್ವರ್ಯ, ಸೌಭಾಗ್ಯಗಳನ್ನು ಕಂಡಾಗ ಹುಟ್ಟುವ ಈ ಭಾವ ನೀರಿನ ತೆರೆಯಂತೆ ಎದ್ದು ಅಡಗತಕ್ಕದ್ದು. ಅಡಗಬೇಕಾದುದು ಅಡಗದೆ, ಸ್ಥಾಯಿಯಾಗಿ ಮನಸ್ಸಿನಲ್ಲಿ ಬೇರೂರಿದರೆ ಮನುಷ್ಯನ ಗತಿಯೇನು? ಈ ಪ್ರಶ್ನೆಯನ್ನು ಇಂಗ್ಲಿಷ್ ಲೇಖಕಿ ಡ್ಯಾಫ್ನಿ ಡು ಮೊರಿಯೇ ತಮ್ಮ ‘ರೆಬೆಕಾ’ ಕಾದಂಬರಿಯಲ್ಲಿ (1938) ಶೋಧಿಸಿದಷ್ಟು ಆಳವಾಗಿ ಶೋಧಿಸಿದವರು ವಿರಳ. ರಹಸ್ಯಕಥೆಯೆಂದು ಹೆಸರಾದ ಈ ಕೃತಿ ನನ್ನ ದೃಷ್ಟಿಯಲ್ಲಿ ಹೊಟ್ಟೆಕಿಚ್ಚಿನ ಒಂದು ಸೂಕ್ಷ್ಮ ಅಧ್ಯಯನ.

ಕಥೆ ಹೇಳುವ ತರುಣಿಗೆ ಹೆಸರೇ ಇಲ್ಲ. ಸಿರಿವಂತ ಮಹಿಳೆಯೊಬ್ಬಳಿಗೆ ಸಂಬಳದ ಸಂಗಾತಿಯಾಗಿ ಮಾಂಟೆ ಕಾರ್ಲೋಗೆ ಬಂದವಳು, ಅಲ್ಲಿ ವಿಧುರನಾದ ಮ್ಯಾಕ್ಸಿಮ್ ಡಿ ವಿಂಟರನನ್ನು ಕಂಡು, ಮದುವೆಯಾಗಿ, ಅವನ ಹಿರಿಯರ ಭವನವಾದ ಮ್ಯಾಂಡರ್ಲಿಗೆ ಬರುತ್ತಾಳೆ. ಅಲ್ಲಿಯ ಮೇಜು, ಕಾಗದ, ಊಟೋಪಚಾರದ ಕ್ರಮ ಎಲ್ಲವೂ ತೀರಿಹೋದ ಮೊದಲ ಹೆಂಡತಿ ರೆಬೆಕಾಳವು. ದೂರವಾಣಿಯಲ್ಲಿ ಯಾರೋ ಶ್ರೀಮತಿ ಡಿ ವಿಂಟರರನ್ನು ಕೇಳುತ್ತಾರೆ. ಆಕೆ ಸತ್ತು ವರ್ಷ ಕಳೆಯಿತೆಂದು ಈಕೆ ಉತ್ತರಿಸಿಬಿಡುತ್ತಾಳೆ! ಆ ಹೆಸರೀಗ ತನ್ನದೆಂಬ ಅರಿವೇ ಅವಳಿಗಿಲ್ಲ. ಪಿಂಗಾಣಿಯ ಬೊಂಬೆಯೊಂದು ಕೈತಪ್ಪಿ ಒಡೆದಾಗ, ಮನೆಯೊಡತಿಯೇ ಕಳ್ಳಿಯಂತೆ ಚೂರುಗಳನ್ನು ಮೇಜಿನ ಖಾನೆಯಲ್ಲಿ ಬಚ್ಚಿಡುತ್ತಾಳೆ. ಪರರದನ್ನು ಬಯಸುವ ಮನಸ್ಸು ಮೊದಲು ತನ್ನದನ್ನು ಕಳೆದುಕೊಳ್ಳುತ್ತದೆ.

ಈ ದೌರ್ಬಲ್ಯವನ್ನು ಚೆನ್ನಾಗಿ ಬಲ್ಲವಳು ಮನೆವಾರ್ತೆ ನೋಡಿಕೊಳ್ಳುವ ಡ್ಯಾನ್ವರ್ಸ್. ವೇಷ ಧರಿಸಿ ಬರುವ ನೃತ್ಯಕೂಟವೊಂದು ಗೊತ್ತಾಗುತ್ತದೆ. ಭವನದಲ್ಲಿ ತೂಗುಹಾಕಿರುವ ಪೂರ್ವಿಕಳೊಬ್ಬಳ ಚಿತ್ರದಂತೆ ಬಿಳಿಯ ಉಡುಪು ಧರಿಸಬಹುದಲ್ಲ ಎಂದು ಡ್ಯಾನ್ವರ್ಸ್ ಸವಿಮಾತಿನಲ್ಲಿ ಸೂಚಿಸುತ್ತಾಳೆ. ನವವಧು ಸಂಭ್ರಮದಿಂದ ಮೆಟ್ಟಿಲಿಳಿದು ಬರುತ್ತಾಳೆ. ಗಂಡನ ಮುಖ ಬಿಳುಪೇರುತ್ತದೆ. ರೆಬೆಕಾ ತನ್ನ ಕೊನೆಯ ನೃತ್ಯಕೂಟದಲ್ಲಿ ಧರಿಸಿದ್ದುದು ಅದೇ ವೇಷವನ್ನು! ಇನ್ನೊಬ್ಬಳ ಬಾಳನ್ನು ಹಂಬಲಿಸಿದವಳ ಮೈಮೇಲೆ ಕಡೆಗೆ ಅವಳ ಬಟ್ಟೆಯೇ ಬಂದು ಕುಳಿತಿತು. ವಂಚನೆ ಡ್ಯಾನ್ವರ್ಸಳದು, ನಿಜ; ಆದರೆ ಅದು ಫಲಿಸುವ ನೆಲವನ್ನು ಹದಮಾಡಿದ್ದು ಈಕೆಯ ಮತ್ಸರ.

ಕಾದಂಬರಿಯ ಅತ್ಯಂತ ಭೀಕರ ಕ್ಷಣ ಇನ್ನೂ ಮುಂದಿದೆ. ಕಡಲಡಿಯ ದೋಣಿಯಲ್ಲಿ ರೆಬೆಕಾಳ ಶವ ಸಿಕ್ಕಿದಾಗ ಮ್ಯಾಕ್ಸಿಮ್ ಹೆಂಡತಿಯೆದುರು ಸತ್ಯವನ್ನು ಒಪ್ಪಿಕೊಳ್ಳುತ್ತಾನೆ: ತಾನೇ ಅವಳನ್ನು ಗುಂಡಿಕ್ಕಿ ಕೊಂದೆ, ತಾನು ಅವಳನ್ನು ದ್ವೇಷಿಸುತ್ತಿದ್ದೆ. ಇದನ್ನು ಕೇಳಿದವಳ ಎದೆ ನಡುಗಬೇಕಾಗಿತ್ತು. ಅವಳಿಗಾದರೋ ಎದೆಯ ಭಾರ ಇಳಿದಂತಾಗುತ್ತದೆ! ಎರಡು ಮಾತುಗಳಲ್ಲಿ ಅವಳ ಮನಸ್ಸು ಹಿಡಿದುಕೊಂಡದ್ದು ಎರಡನೆಯದನ್ನು ಮಾತ್ರ: ಅವನು ರೆಬೆಕಾಳನ್ನು ಪ್ರೀತಿಸಿರಲಿಲ್ಲ. ಕೊಲೆ ಅವಳಿಗೆ ಒಂದು ವಿವರವಾಗಿ ಉಳಿಯಿತು. ವಿಸ್ಮಯವೆಂದರೆ, ಅಲ್ಲಿಂದ ಮುಂದೆ ಕೊಲೆಗಾರ ಪಾರಾಗಲೆಂದು ಓದುಗರಾದ ನಾವೂ ಹಾರೈಸತೊಡಗುತ್ತೇವೆ. ಆಕೆಯ ಕಣ್ಣಿನಿಂದಲೇ ನೋಡುತ್ತ ಬಂದ ನಮಗೂ ಅದೇ ಮಂಕು ಕವಿದಿರುತ್ತದೆ. ಇದು ಲೇಖಕಿಯ ಪ್ರತಿಭೆ ನಮಗೆ ಒಡ್ಡಿದ ಪರೀಕ್ಷೆ.

ಈ ಘಟ್ಟದ ಮಹತ್ವ ಆಲ್‌ಫ್ರೆಡ್ ಹಿಚ್‌ಕಾಕರ 1940ರ ಚಲನಚಿತ್ರವನ್ನು ನೋಡಿದಾಗ ಮತ್ತಷ್ಟು ವಿಶದವಾಗುತ್ತದೆ. ಕೊಲೆಗಾರ ಶಿಕ್ಷೆಯಿಲ್ಲದೆ ಪಾರಾಗಕೂಡದೆಂಬುದು ಅಂದಿನ ಹಾಲಿವುಡ್‌ನ ಕಟ್ಟಳೆ. ಆದಕಾರಣ ಅಲ್ಲಿ ರೆಬೆಕಾ ಬಿದ್ದು, ತಲೆಗೆ ಪೆಟ್ಟಾಗಿ ಸಾಯುತ್ತಾಳೆ. ಚಿತ್ರ ಸೊಗಸಾಗಿದೆ, ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪ್ರಶಸ್ತಿಯನ್ನೂ ಪಡೆಯಿತು. ಆದರೆ ಗಂಡ ನಿರಪರಾಧಿಯಾದೊಡನೆ ಹೆಂಡತಿಯ ಹರ್ಷವೂ ನಿರಪರಾಧವಾಯಿತು. ಅಸೂಯೆಯು ಧರ್ಮಬುದ್ಧಿಯನ್ನು ನುಂಗಿದ ಪರಿ ಮರೆಯಾಯಿತು.

ಅವಳು ಹಂಬಲಿಸಿದ್ದ ಆ ದಾಂಪತ್ಯವಾದರೂ ಎಂಥದು? ಹೊರಗಿನವರ ಮೆಚ್ಚುಗೆಗಾಗಿ ಇಬ್ಬರೂ ಆಡಿದ ನಾಟಕ. ಪರರ ಬಾಳನ್ನು ನಾವು ಹೊಸ್ತಿಲಾಚೆಯಿಂದ ನೋಡುತ್ತೇವೆ. ಕಾಣದುದನ್ನು ನಮ್ಮ ಕೊರತೆಗಳಿಂದ ತುಂಬಿಕೊಳ್ಳುತ್ತೇವೆ. ಮ್ಯಾಂಡರ್ಲಿ ಕಡೆಗೆ ಬೆಂಕಿಗೆ ಆಹುತಿಯಾಗುತ್ತದೆ. ನಾಯಿಕೆ ಗಂಡನೊಡನೆ ಪರದೇಶದ ಹೋಟೆಲುಗಳಲ್ಲಿ ದಿನ ನೂಕುತ್ತಾಳೆ. ಅವಳಿಗೆ ಗಂಡ ದಕ್ಕಿದ. ಕನಸಿನಲ್ಲಿ ಮಾತ್ರ ಆ ಮನೆ ಇನ್ನೂ ಅವಳನ್ನು ಕರೆಯುತ್ತಲೇ ಇದೆ.